ತಮ್ಮ ಐಟಿ ರಿಟರ್ನ್ ಹಾಕಿದ್ದಕ್ಕೆ ಬಿಪಿಎಲ್ ಕಾರ್ಡ್ ಹೋಯಿತು. ಇನ್ನು ಮನೆಯೂ ಸಿಗುವುದಿಲ್ಲವೇ?

ಕಡಲತಡಿ:
ನಮಸ್ಕಾರ. ತಿಳಿದವರು ದಯವಿಟ್ಟು ದಾರಿ ಹೇಳಿ. ನಮ್ಮದು ಕಾಪು ಹತ್ತಿರದ ಹಳ್ಳಿ. ಅಮ್ಮ ಬೀಡಿ ಕಟ್ಟುತ್ತಾರೆ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದರು, ಎದೆನೋವು ಶುರುವಾದ ಮೇಲೆ ಮನೆಯಲ್ಲೇ ಇದ್ದಾರೆ. ತಮ್ಮನಿಗೆ ಅಂಗಡಿಯಲ್ಲಿ ಕೆಲಸ, ತಿಂಗಳಿಗೆ 13 ಸಾವಿರ. ಬೈಕ್ ಸಾಲಕ್ಕೆ ಬೇಕು ಅಂತ ಅವನು ಎರಡು ವರ್ಷ ಐಟಿ ರಿಟರ್ನ್ ಹಾಕಿದ್ದ. ಒಂದು ರೂಪಾಯಿ ತೆರಿಗೆ ಕಟ್ಟಿಲ್ಲ. ಕಳೆದ ತಿಂಗಳು ಅಮ್ಮ ಸೊಸೈಟಿಗೆ ಹೋಗಿ ಬೆರಳು ಒತ್ತಿದರೆ ನಿಮ್ಮದು ಎಪಿಎಲ್ ಅಂತ ತೋರಿಸುತ್ತಿದೆ ಅಂದರಂತೆ. ಖಾಲಿ ಚೀಲ ಮಡಚಿಕೊಂಡು ವಾಪಸ್ ಬಂದರು.

ಅಕ್ಕಿಯದ್ದು ಹೇಗೋ ಆಗುತ್ತದೆ. ಸೊಸೈಟಿಯ ಬೆಳ್ತಿಗೆ ಅಕ್ಕಿ ನಮಗೆ ದೋಸೆಗೆ ಮಾತ್ರ, ಊಟದ ಕುಚ್ಚಲಕ್ಕಿ ಮೊದಲಿಂದಲೂ ದುಡ್ಡು ಕೊಟ್ಟೇ ತರುವುದು. ಆದರೆ ಅಪ್ಪನಿಗೆ ಸ್ಟೆಂಟ್ ಹಾಕಬೇಕಾಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಮನೆಯ ಪಕ್ಕಾಸು ಗೆದ್ದಲು ಹಿಡಿದು ಮಾಡು ಒಂದು ಕಡೆ ಕುಸಿದಿದೆ. ಮಳೆಗಾಲದಲ್ಲಿ ಅಮ್ಮ ಬೀಡಿ ಎಲೆಯ ಸೂಪು ಹಿಡಿದುಕೊಂಡು ಸೋರದ ಜಾಗ ಹುಡುಕಿ ಹುಡುಕಿ ಕೊನೆಗೆ ದೇವರ ಮೂಲೆಯಲ್ಲಿ ಕೂತು ಕಟ್ಟಿದರು. ಪಂಚಾಯತಿಗೆ ಮನೆ ಕೇಳಲು ಹೋದರೆ ಬಿಪಿಎಲ್ ಇಲ್ಲ, ಆಗುವುದಿಲ್ಲ ಅಂದರು. ಗೃಹಲಕ್ಷ್ಮಿಯೂ ನಿಲ್ಲುತ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ತಮ್ಮನ ಹೆಸರು ಕಾರ್ಡಿನಿಂದ ತೆಗೆಸಿದರೆ ಸರಿಯಾಗುತ್ತದಾ?

ಮಲ್ಲಿಗೆ ಹಿತ್ತಿಲು:
ಗೃಹಲಕ್ಷ್ಮಿ ಬಗ್ಗೆ ಹೆದರಬೇಡಿ ಅಕ್ಕ. ಅದು ಎಪಿಎಲ್ ಕಾರ್ಡಿಗೂ ಉಂಟು. ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಕಟ್ಟುವವರಾದರೆ ಮಾತ್ರ ಇಲ್ಲ. ಮಗನ ರಿಟರ್ನಿಗೂ ಆ 2,000 ರೂಪಾಯಿಗೂ ಸಂಬಂಧ ಇಲ್ಲ. ಕಾರ್ಡಿನಲ್ಲಿ ಅಮ್ಮನೇ ಯಜಮಾನಿ ಅಂತ ಇದೆಯಾ, ಅಷ್ಟು ನೋಡಿಕೊಳ್ಳಿ.

ನಮ್ಮ ಅತ್ತೆ ಮನೆಯಲ್ಲೂ ಹೀಗೇ ಆಗಿತ್ತು, 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದಾದಾಗ. ಆಮೇಲೆ ಗಲಾಟೆಯಾಗಿ, ಸರಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಅಂತ ಸರಕಾರವೇ ಹೇಳಿತು. ತಮ್ಮನ ರಿಟರ್ನ್ ಪ್ರತಿ ತೆಗೆಸಿ, ಅದರಲ್ಲಿ ತೆರಿಗೆ ಸೊನ್ನೆ ಅಂತ ಇರುವ ಪುಟ ಸಮೇತ ತಾಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಿ. ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ. ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ. ನಾವು ಮೂರು ಸಲ ಬಾಯಲ್ಲಿ ಹೇಳಿ ಬಂದು ನಾಲ್ಕನೇ ಸಲ ಬುದ್ಧಿ ಕಲಿತದ್ದು.

ಬಂದರು ರಸ್ತೆ:
ಮಲ್ಲಿಗೆ ಹಿತ್ತಿಲು ಹೇಳಿದ್ದು ಸರಿ, ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ತೆರಿಗೆ ಸೊನ್ನೆ ಅಂತ ತೋರಿಸಿದರೆ ಮುಗಿಯುವುದಿಲ್ಲ. ಬಿಪಿಎಲ್‌ಗೆ ಇಡೀ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷದ ಒಳಗೆ ಇರಬೇಕು. ತಮ್ಮನ ಸಂಬಳ ಒಂದೇ 1.56 ಲಕ್ಷ ಆಯಿತು. ರಿಟರ್ನ್ ಪ್ರತಿಯಲ್ಲಿ ಅದೂ ಕಾಣುತ್ತದೆ. ಇದನ್ನು ಬರೆಯುವಾಗ ನನಗೇ ಸಿಟ್ಟು ಬರುತ್ತದೆ ಮಾರಾಯ್ರೆ. 1.20 ಲಕ್ಷ ಅಂದರೆ ತಿಂಗಳಿಗೆ 10 ಸಾವಿರ, ದಿನಕ್ಕೆ 333 ರೂಪಾಯಿ. ನಮ್ಮ ಜಿಲ್ಲೆಯಲ್ಲಿ ಗಾರೆ ಕೆಲಸಕ್ಕೆ ಕಲ್ಲು ಹೊರುವವನಿಗೂ ಅದಕ್ಕಿಂತ ಜಾಸ್ತಿ ಸಿಗುತ್ತದೆ, ಅವನೇನು ಸಾಹುಕಾರನಾ? ಆ ಮಿತಿಯನ್ನು ಏರಿಸದೆ ಬರೀ ಪಟ್ಟಿ ಸೋಸುತ್ತಾ ಹೋದರೆ ಕಾರ್ಡ್ ಹೋಗುವುದು ನಿಮ್ಮಂಥವರದ್ದೇ.

ಇನ್ನು ಮನೆ ವಿಷಯ. ಅಲ್ಲಿ ನಿಮಗೆ ದಾರಿ ಇದೆ. ಗ್ರಾಮೀಣ ಪ್ರಧಾನ ಮಂತ್ರಿ ಆವಾಸ್‌ನ ಅಳತೆಗೋಲೇ ಬೇರೆ. ಅಲ್ಲಿ ಮನೆಯ ಯಾರೊಬ್ಬರಿಗೂ ತಿಂಗಳಿಗೆ 15 ಸಾವಿರಕ್ಕಿಂತ ಜಾಸ್ತಿ ಆದಾಯ ಇರಬಾರದು. ಮೊದಲು ಅದು 10 ಸಾವಿರ ಇತ್ತು, 2024ರಲ್ಲಿ ಏರಿಸಿದರು. ಬೈಕ್, ಫ್ರಿಜ್, ಮೀನು ಹಿಡಿಯುವ ಬೋಟ್ ಇದ್ದರೆ ಮನೆ ಇಲ್ಲ ಅನ್ನುವ ನಿಯಮವನ್ನೂ ಆಗಲೇ ತೆಗೆದರು. ತಮ್ಮನ 13 ಸಾವಿರವಾಗಲಿ ಬೈಕಾಗಲಿ ಅಡ್ಡ ಬರುವುದಿಲ್ಲ. ಹಾಗಾಗಿ ಪಂಚಾಯತಿಯಲ್ಲಿ ಯಾವ ಯೋಜನೆಗೆ ಆಗುವುದಿಲ್ಲ ಅಂದದ್ದು ಅಂತ ಕೇಳಿ, ಆವಾಸ್ ಸಮೀಕ್ಷೆಯ ಪಟ್ಟಿಯಲ್ಲಿ ಅಮ್ಮನ ಹೆಸರು ಇದೆಯಾ ನೋಡಿಸಿ. ಸಿಗುವುದು 1.20 ಲಕ್ಷ, ಅದೂ ಒಟ್ಟಿಗೆ ಅಲ್ಲ. ಕೆಲಸ ಮೇಲೇರಿದ ಹಾಗೆ ಫೋಟೋ ತೆಗೆದು ಕಂತು ಹಾಕುತ್ತಾರೆ. ಕೆಂಪುಕಲ್ಲಿನ ಮನೆ ಅಷ್ಟರಲ್ಲಿ ಮುಗಿಯುವುದಿಲ್ಲ, ಕೈಯಿಂದ ಹಾಕಲೇಬೇಕು. ಜಾಗ ಸರಕಾರಿ ಆಗಿದ್ದರೆ ಮೊದಲು 94ಸಿ ಹಕ್ಕುಪತ್ರ, ಅಂದರೆ ಸರಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡಿ ಕೊಡುವ ಪತ್ರ, ಆಗಿದೆಯಾ ನೋಡಿ.

ಕಾರ್ಡಿನಿಂದ ತಮ್ಮನ ಹೆಸರು ಮಾತ್ರ ತೆಗೆಸಬೇಡಿ. ಅವನು ಅದೇ ಮನೆಯಲ್ಲಿ ಉಣ್ಣುವವನು. ಪರಿಶೀಲನೆಗೆ ಬಂದರೆ ಮೊದಲು ಕೇಳುವುದೇ ಅದು.

ಮಲ್ಲಿಗೆ ಹಿತ್ತಿಲು:
ಹೌದು, 1.20 ಲಕ್ಷದ ಲೆಕ್ಕ ನಾನು ಹಾಕಿರಲಿಲ್ಲ. ನಮ್ಮ ಅತ್ತೆ ಮನೆಯಲ್ಲಿ ಅಷ್ಟು ಆದಾಯ ಇರಲಿಲ್ಲ.

ಅಪ್ಪನ ಚಿಕಿತ್ಸೆಗೆ ಕಾಯಬೇಡಿ ಅಕ್ಕ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಶೇಕಡಾ ಮಾತ್ರ ಸರಕಾರ ಕೊಡುತ್ತದೆ, ವರ್ಷಕ್ಕೆ 1.50 ಲಕ್ಷದವರೆಗೆ. ಉಳಿದದ್ದು ನೀವೇ ಕಟ್ಟಬೇಕು. ಮೊದಲು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ, ಅಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಂಡು ಖರ್ಚು ಎಷ್ಟು ಬರುತ್ತದೆ ಅಂತ ಕೇಳಿ. ಎದೆನೋವು ಜಾಸ್ತಿಯಾದರೆ ಕಾರ್ಡ್, ಕಾಗದ ಅಂತ ನೋಡುತ್ತಾ ಕೂರಬೇಡಿ.

ಕಡಲತಡಿ:
ಇಬ್ಬರಿಗೂ ತುಂಬಾ ಧನ್ಯವಾದ. ಮನೆಗೂ ಕಾರ್ಡಿಗೂ ಲೆಕ್ಕ ಬೇರೆ ಬೇರೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ನಿನ್ನೆ ರಾತ್ರಿ ತಮ್ಮ, ನನ್ನ ಹೆಸರು ತೆಗೆಸಿಬಿಡಿ, ನನ್ನಿಂದಲೇ ಅಲ್ವಾ ಇದೆಲ್ಲ ಆದದ್ದು ಅಂತ ಅತ್ತುಬಿಟ್ಟ. ಅಮ್ಮ ಒಪ್ಪಲಿಲ್ಲ. ಸೋಮವಾರ ಅವನೇ ರಜೆ ಹಾಕಿ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ, ನಾನು ಪಂಚಾಯತಿಗೆ ಹೋಗುತ್ತೇನೆ. ಪಟ್ಟಿಯಲ್ಲಿ ಹೆಸರು ಇದ್ದರೆ ಇಲ್ಲೇ ಬಂದು ಬರೆಯುತ್ತೇನೆ.