ತಮ್ಮನಿಗೆ ನೆರವಿನ ವಸತಿ: ಅನುಭವಸ್ಥರ ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ 34 ವರ್ಷದ ತಮ್ಮನಿಗೆ ಹುಟ್ಟಿನಿಂದಲೇ ಬೌದ್ಧಿಕ ಅಂಗವೈಕಲ್ಯವಿದ್ದು, ಕೆಲವು ವರ್ಷಗಳಿಂದ ಖಿನ್ನತೆಗೂ ಚಿಕಿತ್ಸೆ ನಡೆಯುತ್ತಿದೆ. ತಂದೆತಾಯಿಗೆ ವಯಸ್ಸಾಗಿರುವುದರಿಂದ, ನಾಲ್ಕೈದು ಜನರಷ್ಟೇ ಇದ್ದು ಹಗಲುರಾತ್ರಿ ಸಹಾಯಕರು ದೊರೆಯುವ ವಸತಿಯೊಂದನ್ನು ಹುಡುಕುತ್ತಿದ್ದೇವೆ.

ನೋಡಿದ ಕಡೆಗಳಲ್ಲೆಲ್ಲ ಒಂದೇ ತೊಡಕು: ಬೌದ್ಧಿಕ ಅಂಗವೈಕಲ್ಯ ಉಳ್ಳವರನ್ನು ನೋಡಿಕೊಳ್ಳುವವರು ಮಾನಸಿಕ ಕಾಯಿಲೆಯೆಂದರೆ ಹಿಂಜರಿಯುತ್ತಾರೆ, ಮಾನಸಿಕ ಆರೋಗ್ಯ ಕೇಂದ್ರದವರು ಮಾತು ಕಡಿಮೆಯಿರುವವನನ್ನು ಸೇರಿಸಿಕೊಳ್ಳಲು ಒಪ್ಪುವುದಿಲ್ಲ. ಅವನು ಊಟ ಬಿಟ್ಟು ಮೂಲೆಯಲ್ಲಿ ಕುಳಿತರೆ ಅದು ಖಿನ್ನತೆ ಮರುಕಳಿಸಿದ ಲಕ್ಷಣವೋ, ಹೇಳಿಕೊಳ್ಳಲಾಗದ ಹಲ್ಲುನೋವೋ ಎಂದು ವಿಚಾರಿಸದೆ, ‘ಅವನ ಸ್ವಭಾವವೇ ಹಾಗೆ’ ಎಂದುಬಿಡುವವರ ಕೈಗೆ ಅವನನ್ನು ಒಪ್ಪಿಸಲು ನನಗೆ ಮನಸ್ಸಿಲ್ಲ. ಎಲ್ಲಿ, ಯಾರೊಂದಿಗೆ ಬಾಳಬೇಕೆಂಬ ಆಯ್ಕೆ ಅಂಗವಿಕಲರದ್ದೇ ಎಂದು ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 19ನೇ ವಿಧಿ ಹೇಳುತ್ತದೆ. (ಅವನ ಇಷ್ಟವನ್ನು ನಾವೇ ಇನ್ನೂ ಸರಿಯಾಗಿ ಕೇಳಿಲ್ಲ ಎಂಬುದೂ ನಿಜ.)

ಇಂತಹ ವಸತಿಯಲ್ಲಿ ತಮ್ಮವರನ್ನು ಇರಿಸಿರುವವರು ದಯವಿಟ್ಟು ತಿಳಿಸಿ: ರಾತ್ರಿ ಪಾಳಿಯಲ್ಲಿ ಎಷ್ಟು ಜನರಿರುತ್ತಾರೆ, ಔಷಧಿಯ ದಾಖಲೆ ಯಾರು ಇಡುತ್ತಾರೆ, ಸಿಬ್ಬಂದಿ ಎಷ್ಟು ಬೇಗ ಬದಲಾಗುತ್ತಾರೆ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಗೆ ಅರಿಯಬಹುದು? ಕೆಲವು ದಿನ ಪ್ರಾಯೋಗಿಕವಾಗಿ ಇರಿಸಿ ನೋಡುವುದು ಒಳ್ಳೆಯದೇ, ಅಥವಾ ಅದು ಅವನನ್ನು ಇನ್ನಷ್ಟು ಕಂಗೆಡಿಸೀತೇ?