ಪರದೆಯಲ್ಲಿ ಶೇ. 93, ಬ್ಯಾಟರಿಯಲ್ಲಿ 11.8 ವೋಲ್ಟ್: ಹಾಯಿದೋಣಿಯ ಬ್ಯಾಟರಿ ಮಾನಿಟರ್ ತಪ್ಪು ಲೆಕ್ಕ ಹೇಳುತ್ತಿರುವುದೇಕೆ?

ಪ್ರಶ್ನೆ: ಹಾಯಿಪಟ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿದ್ದೇನೆ. ಹೋದ ವರ್ಷ 27 ಅಡಿ ಉದ್ದದ ಒಂದು ಹಳೆಯ ಹಾಯಿದೋಣಿಯನ್ನು ಕೊಂಡೆ. ಅದರಲ್ಲಿ ತಲಾ 100 ಆಂಪ್-ಅವರ್ ಸಾಮರ್ಥ್ಯದ ಎರಡು ಲೆಡ್-ಆಸಿಡ್ ಬ್ಯಾಟರಿಗಳು, 100 ವಾಟ್‌ನ ಒಂದು ಸೋಲಾರ್ ಪ್ಯಾನೆಲ್, 12 ವೋಲ್ಟ್‌ನ ಚಿಕ್ಕ ಫ್ರಿಜ್ ಇವೆ. ಈ ಬೇಸಿಗೆಯಲ್ಲಿ ಬ್ಯಾಟರಿ ಎಷ್ಟು ತುಂಬಿದೆ ಎಂದು ಶೇಕಡಾ ಲೆಕ್ಕದಲ್ಲಿ ತೋರಿಸುವ, ಷಂಟ್ (ಹರಿಯುವ ವಿದ್ಯುತ್ತನ್ನು ಅಳೆಯಲು ಬಳಸುವ ತುಂಡು) ಸಹಿತವಾದ ಬ್ಯಾಟರಿ ಮಾನಿಟರ್ ಒಂದನ್ನು ನಾನೇ ಜೋಡಿಸಿದೆ.

ಶುಕ್ರವಾರ ದಡದ ಚಾರ್ಜರ್‌ನಿಂದ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಚೆಸಪೀಕ್ ಕೊಲ್ಲಿ ದಾಟಿ, ವೈ ನದಿಯಲ್ಲಿ ಲಂಗರು ಹಾಕಿದೆವು. ಶನಿವಾರ ಮಧ್ಯಾಹ್ನ ಪರದೆಯಲ್ಲಿ ಶೇ. 100 ಎಂದಿತ್ತು, ಸೋಲಾರ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಸಮಾಧಾನಪಟ್ಟೆ. ಆದರೆ ಭಾನುವಾರ ಬೆಳಗಿನ ಜಾವ ಫ್ರಿಜ್ ತಾನಾಗಿಯೇ ನಿಂತುಹೋಯಿತು. ಎದ್ದು ನೋಡಿದರೆ ಒಂದೇ ಪರದೆಯ ಮೇಲಿನ ಸಾಲಿನಲ್ಲಿ 11.8 ವೋಲ್ಟ್, ಅಂದರೆ ಬ್ಯಾಟರಿ ಬಹುತೇಕ ಖಾಲಿ; ಕೆಳಗಿನ ಸಾಲಿನಲ್ಲಿ ಮಾತ್ರ ಶೇ. 93. ಮಲ್ಟಿಮೀಟರ್ ಹಿಡಿದು ಬ್ಯಾಟರಿಯ ತುದಿಗಳಲ್ಲೇ ಅಳೆದಾಗಲೂ 11.8 ಬಂತು. ಹಾಲು ಕೆಟ್ಟರೆ ಹೋಗಲಿ, ರಾತ್ರಿಯಿಡೀ ಉರಿಯಲೇಬೇಕಾದ ಲಂಗರು ದೀಪವೂ ಇದೇ ಬ್ಯಾಟರಿಯನ್ನು ನಂಬಿಕೊಂಡಿದೆ ಎಂಬುದೇ ನನ್ನ ಆತಂಕ. ಮಾನಿಟರ್ ಕೆಟ್ಟಿದೆಯೇ, ಅಥವಾ ನನ್ನ ಜೋಡಣೆಯಲ್ಲಿ ದೋಷವಿದೆಯೇ? ಸೆಟ್ಟಿಂಗ್‌ಗಳಲ್ಲಿ ಬ್ಯಾಟರಿಯ ಸಾಮರ್ಥ್ಯ 200 ಎಂದು ತುಂಬಿದ್ದನ್ನು ಬಿಟ್ಟು ಬೇರೇನನ್ನೂ ನಾನು ಬದಲಿಸಿಲ್ಲ.

ಉತ್ತರ: ತಂತಿಜಾಲ

ಮಾನಿಟರ್ ಕೆಟ್ಟಿರುವ ಸಂಭವ ಕಡಿಮೆ. ತನ್ನ ಮೂಲಕ ಹಾದುಹೋಗದ ವಿದ್ಯುತ್ತನ್ನು ಅದು ಎಣಿಸಲಾರದು. ನನ್ನ ಅನುಮಾನವೆಲ್ಲ ಅಲ್ಲಿಯೇ ಇದೆ.

ಷಂಟ್ ಎನ್ನುವುದು ಬಹಳ ಕಡಿಮೆ ರೋಧವುಳ್ಳ ಒಂದು ಲೋಹದ ತುಂಡು. ಸಾಮಾನ್ಯವಾಗಿ ದೋಣಿಗಳಲ್ಲಿ ಬಳಸುವ ಷಂಟ್‌ನಲ್ಲಿ 500 ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ವ್ಯತ್ಯಾಸ ಕಾಣುತ್ತದೆ. 5 ಆಂಪಿಯರ್ ಹರಿದರೆ ಅರ್ಧ ಮಿಲಿವೋಲ್ಟ್ ಮಾತ್ರ. ಈ ಸಣ್ಣ ವ್ಯತ್ಯಾಸವನ್ನು ಕ್ಷಣಕ್ಷಣವೂ ಅಳೆದು, ಒಳಗೆ ಬಂದದ್ದನ್ನು ಕೂಡಿಸಿ, ಹೊರಗೆ ಹೋದದ್ದನ್ನು ಕಳೆದು ಮಾನಿಟರ್ ಶೇಕಡಾವಾರು ಲೆಕ್ಕ ತೋರಿಸುತ್ತದೆ. ಆದ್ದರಿಂದ ಬ್ಯಾಟರಿಯ ನೆಗೆಟಿವ್ ತುದಿಯಿಂದ ಷಂಟ್‌ಗೆ ಒಂದೇ ಒಂದು ದಪ್ಪ ತಂತಿ ಇರಬೇಕು. ಉಳಿದ ಪ್ರತಿಯೊಂದು ನೆಗೆಟಿವ್ ತಂತಿಯೂ, ಎಂಜಿನ್ನಿನದಾಗಲಿ, ಸೋಲಾರ್ ಕಂಟ್ರೋಲರ್‌ನದಾಗಲಿ, ಚಾರ್ಜರ್‌ನದಾಗಲಿ, ಷಂಟ್‌ನ ಆಚೆಯ ಬದಿಗೇ ಸೇರಬೇಕು. ಹಳೆಯ ದೋಣಿಗಳಲ್ಲಿ ಹಿಂದಿನ ಮಾಲೀಕರು ಫ್ರಿಜ್ಜನ್ನೋ ತಳದ ನೀರೆತ್ತುವ ಬಿಲ್ಜ್ ಪಂಪನ್ನೋ ನೇರವಾಗಿ ಬ್ಯಾಟರಿಗೆ ಬಿಗಿದಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ದೋಣಿಯಲ್ಲಿ ಯಾರೂ ಇಲ್ಲದಾಗಲೂ ಬಿಲ್ಜ್ ಪಂಪ್ ಓಡಬೇಕಾದ್ದರಿಂದ ಅದರ ಪಾಸಿಟಿವ್ ತಂತಿ ಮುಖ್ಯ ಸ್ವಿಚ್ಚನ್ನು ತಪ್ಪಿಸಿ ಬರುವುದು ಸರಿಯೇ. ಆದರೆ ನೆಗೆಟಿವ್ ತಂತಿ ಷಂಟನ್ನು ತಪ್ಪಿಸುವುದಕ್ಕೆ ಯಾವ ಕಾರಣವೂ ಇಲ್ಲ.

ಪರೀಕ್ಷೆ ಸುಲಭ. ಕತ್ತಲಾದ ಮೇಲೆ, ಸೋಲಾರ್‌ನಿಂದ ಏನೂ ಬರದ ಹೊತ್ತಿನಲ್ಲಿ, ಎಲ್ಲವನ್ನೂ ಆರಿಸಿ ಆಂಪಿಯರ್ ತೋರಿಸುವ ಪುಟ ನೋಡಿ. ನಂತರ ಒಂದೊಂದೇ ಉಪಕರಣವನ್ನು ಹಾಕುತ್ತಾ ಬನ್ನಿ. ಫ್ರಿಜ್ಜಿನ ಕಂಪ್ರೆಸರ್ ಗುಂಯ್‌ಗುಟ್ಟಲು ಶುರುವಾದಾಗ ಪರದೆಯ ಅಂಕಿ ನಾಲ್ಕೈದು ಆಂಪಿಯರ್‌ನಷ್ಟು ಜಿಗಿಯಬೇಕು. ಜಿಗಿಯದಿದ್ದರೆ ಅದರ ತಂತಿಯನ್ನು ಕೈಯಿಂದ ಹಿಡಿದು ಕೊನೆಯವರೆಗೂ ಹುಡುಕಿಕೊಂಡು ಹೋಗಿ. ಅಂಥ ತಂತಿ ಸಿಕ್ಕರೆ ಅದರ ಜೊತೆಗಾರ ಪಾಸಿಟಿವ್ ತಂತಿಗೆ ಫ್ಯೂಸ್ ಇದೆಯೇ ಎಂದು ದಯವಿಟ್ಟು ನೋಡಿ. ದೋಣಿಗಳ ಸುರಕ್ಷತೆಗೆ ಮಾನದಂಡ ರೂಪಿಸುವ, ನಿಮ್ಮ ಊರಿನಲ್ಲೇ ಕಚೇರಿಯಿರುವ ಎಬಿವೈಸಿ ಸಂಸ್ಥೆಯ ಮಾನದಂಡದ ಪ್ರಕಾರ, ಸಾಮಾನ್ಯ ನಿಯಮವಾಗಿ, ವಿದ್ಯುತ್ ಮೂಲದಿಂದ 7 ಅಂಗುಲದೊಳಗೆ ಫ್ಯೂಸ್ ಇರಬೇಕು. ಫ್ಯೂಸ್ ಇಲ್ಲದ ತಂತಿ ಶಾರ್ಟ್ ಆದರೆ ಬೆಂಕಿಯೇ ಗತಿ, ಮತ್ತು ನೀರಿನ ನಡುವೆ ಓಡಿಹೋಗಲು ಜಾಗವಿರುವುದಿಲ್ಲ.

ಉತ್ತರ: ಕಡಲತಡಿ

ಮೇಲಿನ ಮಾತು ಸರಿ, ಆದರೆ ಶನಿವಾರ ಮಧ್ಯಾಹ್ನದ ಆ ಶೇ. 100 ಅನ್ನು ತಂತಿಯೊಂದೇ ಪೂರ್ತಿ ವಿವರಿಸಲಾರದು. ಬ್ಯಾಟರಿ ತುಂಬಿತು ಎಂದು ಮಾನಿಟರ್ ಹೇಗೆ ತೀರ್ಮಾನಿಸುತ್ತದೆ ಎಂಬುದನ್ನು ಗಮನಿಸಿ. ಕೆಲವು ಮಾನಿಟರ್‌ಗಳು ಕಾರ್ಖಾನೆಯಿಂದ ಬರುವಾಗ, ವೋಲ್ಟೇಜ್ 13.2ಕ್ಕಿಂತ ಮೇಲಿದ್ದು, ಒಳಬರುವ ವಿದ್ಯುತ್ ಸಾಮರ್ಥ್ಯದ ಶೇ. 4ಕ್ಕಿಂತ ಕೆಳಗೆ ಮೂರು ನಿಮಿಷ ಇದ್ದರೆ, ಬ್ಯಾಟರಿ ತುಂಬಿದೆ ಎಂದು ಭಾವಿಸಿ ಲೆಕ್ಕವನ್ನು 100ಕ್ಕೆ ಏರಿಸುತ್ತವೆ. ನಿಮ್ಮ 200ರಲ್ಲಿ ಶೇ. 4 ಎಂದರೆ 8 ಆಂಪಿಯರ್. 100 ವಾಟ್‌ನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲೂ 6 ಆಂಪಿಯರ್ ದಾಟುವುದು ಕಷ್ಟ. ಅಂದರೆ ನಿಮ್ಮ ಪ್ಯಾನೆಲ್ ಎಷ್ಟೇ ದುಡಿದರೂ ಎರಡನೆಯ ಷರತ್ತು ಸದಾ ಪೂರೈಸಿಯೇ ಇರುತ್ತದೆ. ಬಿಸಿಲೇರಿ ವೋಲ್ಟೇಜ್ 13.2 ಮುಟ್ಟಿದ ಕೂಡಲೇ, ಬ್ಯಾಟರಿ ಮುಕ್ಕಾಲು ಮಾತ್ರ ತುಂಬಿದ್ದರೂ, ಲೆಕ್ಕದ ಪುಸ್ತಕದಲ್ಲಿ ಸಾಲವೆಲ್ಲ ತೀರಿದಂತೆ ಆಗಿಬಿಡುತ್ತದೆ.

ಚಾರ್ಜರ್ 14.4 ವೋಲ್ಟ್‌ವರೆಗೆ ಏರಿಸುವುದಾದರೆ, ತುಂಬಿದ ವೋಲ್ಟೇಜನ್ನು 14.1 ಅಥವಾ 14.2ಕ್ಕೆ, ಬಾಲದ ವಿದ್ಯುತ್ತನ್ನು (ಟೇಲ್ ಕರೆಂಟ್, ಅಂದರೆ ಮೇಲೆ ಹೇಳಿದ ಶೇ. 4ರ ಮಿತಿ) ಶೇ. 2ಕ್ಕೆ, ಸಮಯವನ್ನು ಹದಿನೈದು ನಿಮಿಷಕ್ಕೆ ಇಡಿ. ಮೋಡ ಕವಿದು ಪ್ಯಾನೆಲ್ ಮಂಕಾದಾಗ ವೋಲ್ಟೇಜೂ ಇಳಿಯುವುದರಿಂದ ಮೋಸ ಹೋಗುವ ಸಂದರ್ಭ ಬಹಳಷ್ಟು ಕಡಿಮೆಯಾಗುತ್ತದೆ.

ಉತ್ತರ: ಲಂಗರು

ಒಂದು ಸಣ್ಣ ಸೇರ್ಪಡೆ. ಹಳೆಯ ದೋಣಿಯ ಜೊತೆಗೆ ಬ್ಯಾಟರಿಗಳೂ ಹಳೆಯವೇ ಆಗಿದ್ದರೆ, ಅವುಗಳ ಮೇಲೆ ಬರೆದ 100 ಈಗ ನಿಜವಲ್ಲ. ಆ 100 ಎಂದರೆ 5 ಆಂಪಿಯರ್‌ನಂತೆ 20 ಗಂಟೆ, 10.5 ವೋಲ್ಟ್‌ಗೆ ಇಳಿಯುವವರೆಗೆ. ಪೂರ್ತಿ ತುಂಬಿದ ಒಂದು ಬ್ಯಾಟರಿಯನ್ನು ಬೇರ್ಪಡಿಸಿ, 5 ಆಂಪಿಯರ್ ಎಳೆಯುವ ಬಲ್ಬುಗಳನ್ನು ಕಟ್ಟಿ, ಗಡಿಯಾರ ನೋಡಿ. ಮುಗಿದ ಕೂಡಲೇ ಚಾರ್ಜ್‌ಗೆ ಹಾಕಿ, ಖಾಲಿಯಾಗಿ ಬಿಟ್ಟರೆ ಒಳಗಿನ ಫಲಕಗಳು ಹಾಳಾಗುತ್ತವೆ. ಬಂದ ಅಂಕಿಯನ್ನೇ ಮಾನಿಟರ್‌ಗೆ ಕೊಡಿ.

ಹಾಯಿಪಟ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ತಂತಿಜಾಲ ಅವರು ಹೇಳಿದಂತೆಯೇ ಮಾಡಿದೆ. ಕ್ಯಾಬಿನ್ ದೀಪ ಹಾಕಿದರೆ ಅಂಕಿ ಬದಲಾಯಿತು, ರೇಡಿಯೋ ಹಾಕಿದರೂ ಬದಲಾಯಿತು. ಫ್ರಿಜ್ ಶುರುವಾದಾಗ ಮಾತ್ರ ಪರದೆ ಅಲುಗಾಡಲಿಲ್ಲ. ಬ್ಯಾಟರಿ ಪೆಟ್ಟಿಗೆಯನ್ನು ಎತ್ತಿ ಟಾರ್ಚ್ ಬಿಟ್ಟಾಗ, ನಾನು ಹಾಕಿದ ದಪ್ಪ ತಂತಿಯ ಅಡಿಯಲ್ಲಿ, ಅದೇ ಬೋಲ್ಟಿಗೆ ಬಿಗಿದ ತೆಳುವಾದ ಕಪ್ಪು ತಂತಿಯೊಂದು ಕಂಡಿತು. ಅದರ ರಿಂಗ್ ಹಸಿರು ಕಿಲುಬು ಹಿಡಿದು ಬೋಲ್ಟಿನ ಬಣ್ಣಕ್ಕೇ ತಿರುಗಿದ್ದರಿಂದ ಜೋಡಿಸುವಾಗ ಕಣ್ಣಿಗೆ ಬಿದ್ದಿರಲಿಲ್ಲ. ಪಾಸಿಟಿವ್ ತಂತಿಗೆ ಫ್ಯೂಸ್ ಇದ್ದದ್ದು ಬ್ಯಾಟರಿಯಿಂದ ಮೂರಡಿ ದೂರದಲ್ಲಿ. ಅದನ್ನು ಹತ್ತಿರಕ್ಕೆ ತಂದಿದ್ದೇನೆ. ಕಪ್ಪು ತಂತಿಗೆ ಹೊಸ ರಿಂಗ್ ಹಾಕಿ ಷಂಟ್‌ನ ಆಚೆಗೆ ಸೇರಿಸಿದ ಮೇಲೆ ಫ್ರಿಜ್ 4.6 ಆಂಪಿಯರ್ ಎಂದು ತೋರಿಸುತ್ತಿದೆ.

ಕಡಲತಡಿ ಅವರು ಹೇಳಿದ 13.2, ಶೇ. 4, ಮೂರು ನಿಮಿಷ, ಮೂರೂ ನನ್ನ ಮಾನಿಟರ್‌ನಲ್ಲಿ ಯಥಾವತ್ತಾಗಿ ಇದ್ದವು, ಬದಲಿಸಿದೆ. ಒಂದು ಬ್ಯಾಟರಿಯ ಪರೀಕ್ಷೆಯೂ ಮುಗಿದಿದೆ: 13 ಗಂಟೆ 40 ನಿಮಿಷ, ಅಂದರೆ ಸುಮಾರು 68 ಆಂಪ್-ಅವರ್. ಎರಡನೆಯದನ್ನು ಈ ವಾರಾಂತ್ಯ ಅಳೆಯುತ್ತೇನೆ. ಅಲ್ಲಿಯವರೆಗೆ ಸಾಮರ್ಥ್ಯವನ್ನು 136 ಎಂದು ಇಟ್ಟಿದ್ದೇನೆ.