ಕೋನಗಳೆಲ್ಲ ಸರಿ ಇವೆ, ಆದರೂ ಶೆಲ್ಫ್ ಮಾದರಿಯಂತೆ ಕಾಣುತ್ತಿಲ್ಲ

ಬನಶಂಕರಿ ಮರಗೆಲಸ:
ನಮಸ್ಕಾರ. ಮಗಳ ಪುಸ್ತಕಗಳಿಗೆ ಮನೆಯಾಕಾರದ ಶೆಲ್ಫ್ ಮಾಡುತ್ತಿದ್ದೇನೆ. ಮೊದಲು ರಟ್ಟಿನಲ್ಲಿ ಮಾದರಿ ಮಾಡಿದೆ. ತಳ 20 ಸೆಂ.ಮೀ., ಎರಡು ಪಕ್ಕ 15, ಮೇಲಿನ ಇಳಿಜಾರು ಎರಡೂ 14.1. ನೋಡಲು ಚೆನ್ನಾಗಿತ್ತು. ಪ್ಲೈವುಡ್‌ನಲ್ಲಿ ತಳ 40, ಇಳಿಜಾರು 28.3 ಇಟ್ಟೆ. ನಮ್ಮ ಬಾಡಿಗೆ ಮನೆ ಗೋಡೆಯಲ್ಲಿ ಒಟ್ಟು 40 ಸೆಂ.ಮೀ. ಎತ್ತರಕ್ಕಷ್ಟೇ ಜಾಗ, ಅದಕ್ಕೆ ಪಕ್ಕ 20. ಈಗ ಬರೀ ಛಾವಣಿಯೇ ಎದ್ದು ಕಾಣುತ್ತಿದೆ. ಕೋನಮಾಪಕ ಇಟ್ಟು ನೋಡಿದೆ. ಎರಡರಲ್ಲೂ ಕೆಳಗೆ 90, 90, ಮೇಲೆ 135, 90, 135 ಡಿಗ್ರಿ. ಕೋನಗಳು ಸಮ ಇದ್ದರೆ ಸಮರೂಪ, ಅಂದರೆ ಅಳತೆ ಬೇರೆಯಾದರೂ ಆಕಾರ ಒಂದೇ, ಅಂತ ಮಗಳು ಹತ್ತನೇ ಕ್ಲಾಸಲ್ಲಿ ಓದಿದ್ದಾಳೆ. ಮತ್ತೆ ಯಾಕೆ ಹೀಗೆ?

ಜಯನಗರ ಮೇಷ್ಟ್ರು:
ಸರ್, ಮಗಳು ಓದಿದ್ದು ಸರಿ, ಆದರೆ ಅದು ತ್ರಿಭುಜಕ್ಕೆ ಮಾತ್ರ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಾಹು ಇದ್ದರೆ ಕೋನಗಳೂ ಸಮ ಇರಬೇಕು, ಬಾಹುಗಳೂ ಒಂದೇ ಅನುಪಾತದಲ್ಲಿ ಇರಬೇಕು. ನಿಮ್ಮಲ್ಲಿ ತಳ 2 ಪಟ್ಟು, ಪಕ್ಕ ಮಾತ್ರ 1.33 ಪಟ್ಟು.

ಕೋನಮಾಪಕ ಇದನ್ನು ಹಿಡಿಯುವುದಿಲ್ಲ. ಪಂಚಭುಜದ ಒಳಕೋನಗಳ ಮೊತ್ತ ಯಾವಾಗಲೂ 540. ಎರಡು ಪಕ್ಕಗಳನ್ನು ಎಷ್ಟೇ ಎಳೆದರೂ, ಕುಗ್ಗಿಸಿದರೂ ಒಂದು ಕೋನವೂ ಕದಲುವುದಿಲ್ಲ, ಅಲ್ವಾ? ಒಂದು ಕೆಲಸ ಮಾಡಿ. ಕೆಳಗಿನ ಎಡ ಮೂಲೆಯಿಂದ ಬಲಪಕ್ಕದ ಮೇಲ್ತುದಿಗೆ ಗೆರೆ ಎಳೆಯಿರಿ. ತಳದ ಜೊತೆ ಆ ಗೆರೆ ಮಾಡುವ ಕೋನ ರಟ್ಟಿನಲ್ಲಿ ಸುಮಾರು 37 ಡಿಗ್ರಿ, ಪ್ಲೈವುಡ್‌ನಲ್ಲಿ 27ಕ್ಕೂ ಸ್ವಲ್ಪ ಕಡಿಮೆ. ಕಣ್ಣಿಗೆ ಕಾಣುತ್ತಿರುವ ಚಪ್ಪಟೆ ಅದೇ.

ಮಾದರಿಯ ಒಟ್ಟು ಎತ್ತರ 25 (ಪಕ್ಕ 15, ಛಾವಣಿ 10), ನಿಮ್ಮ ಜಾಗ 40. ಹಾಗಾಗಿ ಎಲ್ಲವನ್ನೂ 1.6ರಿಂದ ಗುಣಿಸಿ: ತಳ 32, ಪಕ್ಕ 24, ಇಳಿಜಾರು 22.6. ಎಲ್ಲವೂ ಹೊರ ಅಳತೆ. ಇರುವ ಹಲಗೆಗಳಿಂದಲೇ ಇಳಿಜಾರು, ತಳ ಕತ್ತರಿಸಬಹುದು, ಪಕ್ಕಕ್ಕೆ ಮಾತ್ರ ಹೊಸ ತುಂಡು ಬೇಕು.

ಯಶವಂತಪುರ ವರ್ಕ್‌ಶಾಪ್:
ಗರಗಸದ ಸೆಟ್ಟಿಂಗ್ ಬದಲಿಸುವುದು ಬೇಡ. ಕೋನಗಳು ಅವೇ ಆದ್ದರಿಂದ ಪ್ರತಿ ಹಲಗೆಯ ತುದಿಯನ್ನು ನೇರ ಕಡಿತದಿಂದ ಓರೆ ಮಾಡಬೇಕಾದದ್ದು 90ರ ಮೂಲೆಗೆ 45, 135ರ ಮೂಲೆಗೆ 22.5 ಡಿಗ್ರಿ. ಅಳತೆ ಎಷ್ಟೇ ದೊಡ್ಡದಾದರೂ ಇದೇ ನಡೆಯುತ್ತದೆ.

ಬನಶಂಕರಿ ಮರಗೆಲಸ:
ಮೇಷ್ಟ್ರೇ, ಗೆರೆ ಎಳೆದು ನೋಡಿದೆ, ನೀವು ಹೇಳಿದ ಹಾಗೇ ಇದೆ. ಮಗಳ ಪ್ರಶ್ನೆ ಒಂದಿದೆ: ತ್ರಿಭುಜಕ್ಕೆ ಮಾತ್ರ ಯಾಕೆ ವಿನಾಯಿತಿ?

ಜಯನಗರ ಮೇಷ್ಟ್ರು:
ಒಳ್ಳೇ ಪ್ರಶ್ನೆ. ತ್ರಿಭುಜದಲ್ಲಿ ಒಂದು ಬಾಹುವನ್ನು ಮಾತ್ರ ಉದ್ದ ಮಾಡಿ, ಮೂರೂ ಕೋನ ಹಾಗೇ ಇಡಲು ಪ್ರಯತ್ನಿಸಲಿ. ಉಳಿದೆರಡೂ ಅದೇ ಅನುಪಾತದಲ್ಲಿ ಬೆಳೆಯದೆ ತ್ರಿಭುಜ ಮುಚ್ಚಿಕೊಳ್ಳುವುದೇ ಇಲ್ಲ.